ಹೆಸರು ಯಾರದ್ದು, ಸದ್ದು ಯಾರದ್ದು? ಫಿಯರ್ ಫ್ಯಾಕ್ಟರಿಯ ಕಥೆ ಮತ್ತು ನಿಮ್ಮ ಬ್ಯಾಂಡಿನ ಪ್ರಶ್ನೆ

ಪ್ರಶ್ನೆ: ಸರ್, ನಾನು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ, ಶನಿವಾರ ಭಾನುವಾರ ಗಿಟಾರ್. ಆರು ವರ್ಷದ ಹಿಂದೆ ನಾಲ್ಕು ಜನ ಗೆಳೆಯರು ಸೇರಿ ಇಂಡಸ್ಟ್ರಿಯಲ್ ಮೆಟಲ್ (ಯಂತ್ರದ ಸದ್ದಿನ ಹಾಗೆ ಕೇಳುವ ಬಿರುಸು ಗಿಟಾರ್ ಸಂಗೀತ) ಬ್ಯಾಂಡ್ ಕಟ್ಟಿದೆವು. ಅಮೆರಿಕದ ಫಿಯರ್ ಫ್ಯಾಕ್ಟರಿ ನಮಗೆಲ್ಲ ಗುರು ಇದ್ದ ಹಾಗೆ. ಒಂಬತ್ತು ಹಾಡಿನ ಆಲ್ಬಂ ಶುರು ಮಾಡಿದ್ದೆವು, ಏಳಕ್ಕೆ ಗಾಯನ ಮುಗಿದಿತ್ತು. ಅಷ್ಟರಲ್ಲಿ ಹಾಡುಗಾರ ಜಗಳ ಆಡಿಕೊಂಡು ಹೊರಟುಹೋದ. ಅವನ ಹಿಂದೆಯೇ ಡ್ರಮ್ಮರ್ ಕೂಡ ಬಿಟ್ಟ. ಬೇಸ್ ನುಡಿಸುವ ಗೆಳೆಯ ಹೇಳುತ್ತಾನೆ, "ಫಿಯರ್ ಫ್ಯಾಕ್ಟರಿಯಲ್ಲಿ ಗಿಟಾರಿಸ್ಟ್ ಡೀನೋ ಒಬ್ಬನೇ ಹೆಸರು ಉಳಿಸಿಕೊಂಡಿಲ್ವಾ? ನಾವೂ ಉಳಿಸಿಕೊಳ್ಳೋಣ. ಡ್ರಮ್ಸ್ ಕಂಪ್ಯೂಟರಲ್ಲಿ ಹಾಕಿದರಾಯ್ತು, ಅವರದ್ದೂ ಕಂಪ್ಯೂಟರೇ." ನನಗೆ ಮನಸ್ಸಿಗೆ ಒಪ್ಪುತ್ತಿಲ್ಲ. ಹಾಡುಗಾರ ಹೋದ ಮೇಲೆ ಫಿಯರ್ ಫ್ಯಾಕ್ಟರಿ ಬರೀ ಹೆಸರಿಗೆ ಉಳಿದಿದೆ ಅಂತ ಎಷ್ಟೋ ಜನ ಹೇಳುತ್ತಾರೆ. ಯಾವುದು ನಿಜ? ಅವನ ಧ್ವನಿ ಇರುವ ಏಳು ಹಾಡನ್ನು ಏನು ಮಾಡುವುದು? ಹೆಸರು ಇಟ್ಟುಕೊಳ್ಳಬಹುದೇ?

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಹೆಸರು, ಧ್ವನಿ, ಡ್ರಮ್ಸ್ ಅಂತ ಮೂರು ಪ್ರಶ್ನೆ ಕೇಳಿದ್ದೀರಿ. ಮೂರರ ಹಿಂದೆ ಇರುವ ಭಯ ಒಂದೇ ಅನ್ನಿಸಿತು: ಆರು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗಿಬಿಡುತ್ತಾ ಅಂತ. ನಾನು ಇಪ್ಪತ್ತು ವರ್ಷಕ್ಕೂ ಮೇಲೆ ರೆಕಾರ್ಡಿಂಗ್ ಮತ್ತು ಮಿಕ್ಸಿಂಗ್ (ಬಿಡಿ ಬಿಡಿ ಸದ್ದುಗಳನ್ನು ಹದವಾಗಿ ಬೆರೆಸುವ) ಕೆಲಸ ಮಾಡುತ್ತಿದ್ದೇನೆ. ಗಾಜಿನ ಆಚೆ ಬದಿಯಲ್ಲಿ ಬ್ಯಾಂಡ್‌ಗಳು ಒಡೆಯುವುದನ್ನು ಕಣ್ಣಾರೆ ನೋಡಿದ್ದೇನೆ. ನೀವು ಗುರು ಅಂದ ಬ್ಯಾಂಡಿನ ಕಥೆಯಲ್ಲಿ ನಿಮ್ಮ ಮೂರೂ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆದರೆ ನಿಮ್ಮ ಗೆಳೆಯ ಹೇಳಿದ ರೀತಿಯಲ್ಲಿ ಅಲ್ಲ.

ಡ್ರಮ್ಸ್‌ನಿಂದ ಶುರು ಮಾಡುತ್ತೇನೆ. ಅದು ನನ್ನ ಕಸುಬಿಗೆ ಹತ್ತಿರ.

"ಅವರದ್ದೂ ಕಂಪ್ಯೂಟರೇ" ಅನ್ನುವುದು ಬಹುಪಾಲು ತಪ್ಪು. 1992ರ ಮೊದಲ ಆಲ್ಬಂನಿಂದ 2005ರವರೆಗೆ ಡ್ರಮ್ಸ್ ಹಿಂದೆ ಕೂತಿದ್ದವರು ರೇಮಂಡ್ ಹೆರೆರಾ. ಕಾಲಲ್ಲಿ ತುಳಿದೇ ನುಡಿಸಿದವರು. ಯಂತ್ರದ ಹಾಗೆ ಕೇಳುವುದಕ್ಕೆ ಕಾರಣ ಬೇರೆ. ಕಿಕ್ ಡ್ರಮ್ಮಿನ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಅಂಚಿಗೆ ಟ್ರಿಗರ್ ಅಂತ ಒಂದು ಚಿಕ್ಕ ಸೆನ್ಸರ್ ಸಿಕ್ಕಿಸುತ್ತಾರೆ. ಪೆಡಲ್ ಬಿದ್ದ ಕ್ಷಣ ಅದು ಒಂದು ಪೆಟ್ಟಿಗೆಗೆ ಸುದ್ದಿ ಮುಟ್ಟಿಸುತ್ತದೆ. ಪೆಟ್ಟಿಗೆ ಮೊದಲೇ ತುಂಬಿಟ್ಟ ಕಿಕ್ ಸದ್ದನ್ನು ಹೊರಗೆ ಬಿಡುತ್ತದೆ. ಮೆಲ್ಲಗೆ ತುಳಿದರೂ ಜೋರಾಗಿ ತುಳಿದರೂ ಪ್ರತಿ ಏಟೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಕೇಳುತ್ತದೆ. ಸದ್ದು ಪೆಟ್ಟಿಗೆಯದ್ದು, ಸಮಯ ಮಾತ್ರ ಮನುಷ್ಯನ ಕಾಲಿನದ್ದು.

ಆ ಸಮಯದ ಲೆಕ್ಕ ಒಮ್ಮೆ ಹಾಕಿ ನೋಡಿ. ನಿಮಿಷಕ್ಕೆ 180 ಬೀಟ್ ವೇಗದಲ್ಲಿ ಒಂದೊಂದು ಬೀಟಿಗೆ ನಾಲ್ಕು ಕಿಕ್ ಅಂದರೆ ಸೆಕೆಂಡಿಗೆ 12 ಏಟು. ಒಂದು ಏಟಿಗೂ ಇನ್ನೊಂದಕ್ಕೂ ಮಧ್ಯೆ 83 ಮಿಲಿಸೆಕೆಂಡ್. ಅಷ್ಟರೊಳಗೆ ಗಿಟಾರಿಸ್ಟಿನ ಬಲಗೈಯೂ ಅದೇ ಜಾಗದಲ್ಲಿ ಬೀಳಬೇಕು. ಇಪ್ಪತ್ತು ಮೂವತ್ತು ಮಿಲಿಸೆಕೆಂಡ್ ಆಚೀಚೆ ಆದರೆ ಸಾಕು, ಒಂದೇ ಏಟು ಎರಡಾಗಿ ಒಡೆದು ಕೇಳುತ್ತದೆ. ಡೀನೋ ಕಜಾರೆಸ್ ಅವರ ಕೈ ಮತ್ತು ಹೆರೆರಾ ಅವರ ಕಾಲು ಒಟ್ಟಿಗೆ ಬೀಳುವುದೇ ಈ ಬ್ಯಾಂಡಿನ ಗುರುತು. 1995ರ ಡಿಮ್ಯಾನುಫ್ಯಾಕ್ಚರ್ ಆಲ್ಬಂ ಹಾಕಿ, ಹೆಡ್‌ಫೋನಿನಲ್ಲಿ ಕೇಳಿ. ಗಿಟಾರ್ ನಿಂತ ಕಡೆ ನಿಜವಾದ ಮೌನ ಇರುತ್ತದೆ. ಅಂಗೈ ಅಂಚನ್ನು ಬ್ರಿಜ್ (ಗಿಟಾರಿನಲ್ಲಿ ತಂತಿ ಕೂರುವ ಪಟ್ಟಿ) ಮೇಲೆ ಒತ್ತಿ ತಂತಿಯನ್ನು ಅಲ್ಲೇ ಕೊಲ್ಲುತ್ತಾರೆ. ಉಳಿದ ಗುಂಯ್ ಅನ್ನುವ ಸದ್ದನ್ನು ನಾಯ್ಸ್ ಗೇಟ್ ಅನ್ನುವ ಉಪಕರಣ ಬಾಗಿಲು ಹಾಕಿ ತಡೆಯುತ್ತದೆ. ನಮ್ಮ ಹುಡುಗರು ಸ್ಟುಡಿಯೋಗೆ ಬಂದು "ಸರ್, ಆ ಥರ ಸೌಂಡ್ ಬೇಕು" ಅನ್ನುತ್ತಾರೆ. ನಾನು ಗೇಟನ್ನು ಬಿಗಿ ಮಾಡಿ ಕೊಡುತ್ತೇನೆ. ಆಗ ಅವರ ಕೈ ಎಲ್ಲೆಲ್ಲಿ ತಡವಾಗಿದೆ ಅನ್ನುವುದೆಲ್ಲ ಬಯಲಾಗುತ್ತದೆ. ಗೇಟ್ ಬಿಗಿಯಾದಷ್ಟೂ ತಪ್ಪಿಗೆ ಅಡಗಲು ಜಾಗ ಇರುವುದಿಲ್ಲ.

ಹಾಗಾದರೆ ಗೆಳೆಯನ ಮಾತಿನಲ್ಲಿ ನಿಜವೇ ಇಲ್ವಾ? ಇದೆ, ಒಂದು ಆಲ್ಬಂನಷ್ಟು. 2012ರ ದಿ ಇಂಡಸ್ಟ್ರಿಯಲಿಸ್ಟ್‌ನಲ್ಲಿ ಡ್ರಮ್ಸ್ ಪ್ರೋಗ್ರಾಂ ಮಾಡಿದ್ದು. ಅದಕ್ಕೆ ಮೊದಲು 2010ರ ಮೆಕನೈಜ್‌ನಲ್ಲಿ ನುಡಿಸಿದವರು ಜೀನ್ ಹೋಗ್ಲನ್. ಡೆತ್, ಡಾರ್ಕ್ ಏಂಜೆಲ್, ಸ್ಟ್ರಾಪಿಂಗ್ ಯಂಗ್ ಲ್ಯಾಡ್ ಬ್ಯಾಂಡ್‌ಗಳಲ್ಲಿ ನುಡಿಸಿದ ದೊಡ್ಡ ಡ್ರಮ್ಮರ್. ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಮೆಕನೈಜ್‌ನಲ್ಲಿ ಒಬ್ಬ ಮನುಷ್ಯ ಯಂತ್ರವನ್ನು ಸೋಲಿಸಲು ಹೊರಟಿದ್ದಾನೆ ಅನ್ನಿಸುತ್ತದೆ. ಇಂಡಸ್ಟ್ರಿಯಲಿಸ್ಟ್‌ನಲ್ಲಿ ಸೋಲಿಸಲು ಯಾರೂ ಇಲ್ಲ. ಹಾಡುಗಳು ಚೆನ್ನಾಗಿವೆ, ನನಗೆ ಇಷ್ಟವೇ. ಆದರೆ ಆ ಎಳೆದಾಟ ಹೋಯಿತು. ಮನುಷ್ಯ ಮತ್ತು ಯಂತ್ರದ ಜಗಳ ಹಾಡುವ ಬ್ಯಾಂಡಿಗೆ ಜಗಳ ಆಡಲು ಮನುಷ್ಯ ಬೇಕೇ ಬೇಕು ಅಲ್ವಾ? 2015ರ ಜೆನೆಕ್ಸಸ್ ಹೊತ್ತಿಗೆ ಮೈಕ್ ಹೆಲ್ಲರ್ ಡ್ರಮ್ಸ್ ಹಿಂದೆ ಕೂತಿದ್ದರು.

ಇನ್ನು ಹಾಡುಗಾರನ ವಿಷಯ. ಇದಕ್ಕೆ ಕಥೆ ಮೊದಲಿಂದ ಹೇಳಬೇಕು. ಯಾರು ಯಾವಾಗ ಬಂದರು, ಯಾವಾಗ ಹೋದರು ಅಂತ ಗೊತ್ತಿಲ್ಲದೆ "ಬರೀ ಹೆಸರಿಗೆ ಉಳಿದಿದೆ" ಅನ್ನುವ ತೀರ್ಪು ಕೊಡಲು ಬರುವುದಿಲ್ಲ.

ಬ್ಯಾಂಡ್ ಹುಟ್ಟಿದ್ದು ಲಾಸ್ ಏಂಜಲೀಸಿನಲ್ಲಿ, 1989ರಲ್ಲಿ. ಆಗ ಹೆಸರು ಅಲ್ಸರೇಶನ್. ಮುಂದಿನ ವರ್ಷ ಫಿಯರ್ ಫ್ಯಾಕ್ಟರಿ ಆಯಿತು. ಡೀನೋ ಗಿಟಾರ್, ಹೆರೆರಾ ಡ್ರಮ್ಸ್, ಬರ್ಟನ್ ಸಿ. ಬೆಲ್ ಗಾಯನ. 1991ರಲ್ಲಿ ರಾಸ್ ರಾಬಿನ್‌ಸನ್ ಜೊತೆ ಒಂದು ಆಲ್ಬಂ ರೆಕಾರ್ಡ್ ಮಾಡಿದರು. ಇವರು ಆಮೇಲೆ ಕಾರ್ನ್, ಸ್ಲಿಪ್‌ನಾಟ್ ಆಲ್ಬಂಗಳಿಂದ ದೊಡ್ಡ ಹೆಸರು ಮಾಡಿದ ನಿರ್ಮಾಪಕ. ಒಪ್ಪಂದದ ಷರತ್ತು ಬ್ಯಾಂಡಿಗೆ ಹಿಡಿಸಲಿಲ್ಲ. ಕೊನೆಗೆ ಹಾಡುಗಳು ಬ್ಯಾಂಡಿನ ಹತ್ತಿರ ಉಳಿದವು, ರೆಕಾರ್ಡಿಂಗ್ ರಾಬಿನ್‌ಸನ್ ಹತ್ತಿರ ಉಳಿಯಿತು. ಹಲವು ಹಾಡುಗಳನ್ನು ಮತ್ತೆ ರೆಕಾರ್ಡ್ ಮಾಡಿ 1992ರಲ್ಲಿ ಸೋಲ್ ಆಫ್ ಎ ನ್ಯೂ ಮೆಷಿನ್ ತಂದರು. ಮೊದಲಿನ ರೆಕಾರ್ಡಿಂಗ್ ಕಾಂಕ್ರೀಟ್ ಅನ್ನುವ ಹೆಸರಲ್ಲಿ ಹೊರಬಂದಿದ್ದು 2002ರಲ್ಲಿ, 11 ವರ್ಷ ಕಳೆದ ಮೇಲೆ. ಹಾಡು ಬೇರೆ, ಹಾಡಿನ ರೆಕಾರ್ಡಿಂಗ್ ಬೇರೆ. ಎರಡಕ್ಕೂ ಬೇರೆ ಬೇರೆ ಒಡೆಯರು ಇರಬಹುದು. ಇದನ್ನು ನೆನಪಲ್ಲಿಡಿ, ನಿಮ್ಮ ಏಳು ಹಾಡಿಗೆ ಬರುವಾಗ ಬೇಕಾಗುತ್ತದೆ.

ಬೇಸ್ ವಿಷಯದಲ್ಲಿ ಶುರುವಿನಿಂದಲೂ ಖುರ್ಚಿ ಅಲುಗಾಡುತ್ತಿತ್ತು. ಮೊದಲ ಆಲ್ಬಂ ಮೇಲೆ ಬೇಸಿಗೆ ಆಂಡ್ರ್ಯೂ ಶೈವ್ಸ್ ಹೆಸರಿದೆ, ಸ್ಟುಡಿಯೋದಲ್ಲಿ ಬೇಸ್ ನುಡಿಸಿದ್ದು ಡೀನೋ. ಆಮೇಲೆ ಬೆಲ್ಜಿಯಂ ಮೂಲದ ಕ್ರಿಶ್ಚಿಯನ್ ಓಲ್ಡೆ ವೋಲ್ಬರ್ಸ್ ಬಂದರು. ಡೀನೋ, ಬರ್ಟನ್, ಹೆರೆರಾ, ವೋಲ್ಬರ್ಸ್: ಅಭಿಮಾನಿಗಳು "ಅಸಲಿ ಫಿಯರ್ ಫ್ಯಾಕ್ಟರಿ" ಅನ್ನುವುದು ಈ ನಾಲ್ವರನ್ನು. ಡಿಮ್ಯಾನುಫ್ಯಾಕ್ಚರ್, 1998ರ ಆಬ್ಸೊಲೀಟ್, 2001ರ ಡಿಜಿಮಾರ್ಟಲ್ ಈ ಕಾಲದ್ದು. ಆಬ್ಸೊಲೀಟ್‌ನಲ್ಲಿ ಡೀನೋ ಏಳು ತಂತಿಯ ಗಿಟಾರಿಗೆ ಹೋದರು. ಅಮೆರಿಕದಲ್ಲಿ 5 ಲಕ್ಷ ಪ್ರತಿ ದಾಟಿದ್ದಕ್ಕೆ ಕೊಡುವ ಗೋಲ್ಡ್ ಮಾನ್ಯತೆ ಅದಕ್ಕೆ ಸಿಕ್ಕಿತು. ರೇಡಿಯೋದಲ್ಲಿ ಜಾಸ್ತಿ ಓಡಿದ ಹಾಡು ಮಾತ್ರ ಇಂಗ್ಲೆಂಡಿನ ಹಾಡುಗಾರ ಗ್ಯಾರಿ ನ್ಯೂಮನ್ ಅವರ 1979ರ ಕಾರ್ಸ್. ನ್ಯೂಮನ್ ಅವರೇ ಬಂದು ಧ್ವನಿ ಕೊಟ್ಟಿದ್ದರು.

ಇನ್ನೊಬ್ಬರ ಹೆಸರು ಹೇಳದೆ ಮುಂದೆ ಹೋಗಲಾರೆ: ಕೆನಡಾದ ರೀಸ್ ಫುಲ್ಬರ್. ಫ್ರಂಟ್ ಲೈನ್ ಅಸೆಂಬ್ಲಿ ಬ್ಯಾಂಡಿನವರು. 1993ರಲ್ಲಿ ಫಿಯರ್ ಫ್ಯಾಕ್ಟರಿಯ ಹಾಡುಗಳಿಗೆ ರಿಮಿಕ್ಸ್ ಮಾಡಿಕೊಟ್ಟರು. ಡಿಮ್ಯಾನುಫ್ಯಾಕ್ಚರ್‌ನ ಮೊದಲ ಮಿಕ್ಸ್ ಬ್ಯಾಂಡಿಗೆ ಸಮಾಧಾನ ಆಗದಿದ್ದಾಗ ಗ್ರೆಗ್ ರೀಲಿ ಜೊತೆ ಕೂತು ಹೊಸದಾಗಿ ಮಿಕ್ಸ್ ಮಾಡಿದ್ದೂ ಅವರೇ. ಆ ಆಲ್ಬಂನಲ್ಲಿ ಗಿಟಾರ್ ಹಿಂದೆ ತಣ್ಣಗೆ ಹರಿಯುವ ಕೀಬೋರ್ಡ್ ಇದೆಯಲ್ಲ, ಅದು ಅವರ ಕೈ. ಮಧ್ಯೆ ಮಧ್ಯೆ ಬಿಟ್ಟು ಬಿಟ್ಟು ಜೆನೆಕ್ಸಸ್ ಹೊತ್ತಿನಲ್ಲೂ ಜೊತೆಗಿದ್ದರು. ಬ್ಯಾಂಡಿನ ಫೋಟೋದಲ್ಲಿ ಅವರನ್ನು ಹುಡುಕಿದರೆ ಸಿಗುವುದಿಲ್ಲ. ಬಂದು ಹೋದ ಬೇಸ್ ವಾದಕರೆಲ್ಲರಿಗಿಂತ ಹೆಚ್ಚು ಕಾಲ ಈ ಸದ್ದನ್ನು ಕಾಪಾಡಿದವರು ಅವರು ಅಂತ ನನ್ನ ಖಚಿತ ಅಭಿಪ್ರಾಯ. ನಾನೂ ಮಿಕ್ಸಿಂಗ್ ಮಾಡುವವನು ಅನ್ನುವ ಪಕ್ಷಪಾತ ಇದ್ದರೂ ಇರಲಿ, ಕೇಳಿ ನೋಡಿದರೆ ನಿಮಗೇ ಗೊತ್ತಾಗುತ್ತದೆ.

ಡಿಜಿಮಾರ್ಟಲ್ ಅಂದುಕೊಂಡಷ್ಟು ಓಡಲಿಲ್ಲ. 2002ರ ಮಾರ್ಚಿನಲ್ಲಿ ಬರ್ಟನ್ ಬಿಟ್ಟರು, ಬ್ಯಾಂಡ್ ಮುಗಿಯಿತು ಅಂತ ಸುದ್ದಿಯಾಯಿತು. ಸ್ವಲ್ಪ ದಿನಕ್ಕೆ ಉಳಿದ ಮೂವರು ಡೀನೋ ಅವರನ್ನು ಬಿಟ್ಟು ಮತ್ತೆ ಸೇರಿಕೊಂಡರು! ವೋಲ್ಬರ್ಸ್ ಬೇಸ್ ಬಿಟ್ಟು ಗಿಟಾರ್ ಹಿಡಿದರು. ಬೈರನ್ ಸ್ಟ್ರೌಡ್ ಬೇಸಿಗೆ ಬಂದರು. 2004ರಲ್ಲಿ ಆರ್ಕಿಟೈಪ್, 2005ರಲ್ಲಿ ಟ್ರಾನ್ಸ್‌ಗ್ರೆಶನ್ ಬಂದವು. ನೀವು ಇದುವರೆಗೆ ಕೇಳಿಲ್ಲದಿದ್ದರೆ ಆರ್ಕಿಟೈಪ್ ಕೇಳಿ. ಹೆಸರು ಇದೆ, ಹಾಡುಗಾರ ಇದ್ದಾರೆ, ಡ್ರಮ್ಮರ್ ಇದ್ದಾರೆ, ಡೀನೋ ಮಾತ್ರ ಇಲ್ಲ. ಆದರೂ ಅದು ಫಿಯರ್ ಫ್ಯಾಕ್ಟರಿ ಅಂತಲೇ ಕೇಳುತ್ತದೆ. ಟ್ರಾನ್ಸ್‌ಗ್ರೆಶನ್ ಬಗ್ಗೆ ಅದೇ ಮಾತು ಹೇಳಲಾರೆ. ಅಲ್ಲಿ ದಾರಿ ತಪ್ಪಿದ್ದು ಜನ ಬದಲಾಗಿದ್ದಕ್ಕೆ ಅಲ್ಲ. ಕೈ ಮತ್ತು ಕಾಲಿನ ಆ ಬಿಗಿ ಸಡಿಲವಾಗಿತ್ತು.

2009ರಲ್ಲಿ ಪಗಡೆ ಮತ್ತೆ ಉರುಳಿತು. ಏಳು ವರ್ಷ ಮಾತು ಬಿಟ್ಟಿದ್ದ ಡೀನೋ ಮತ್ತು ಬರ್ಟನ್ ರಾಜಿಯಾದರು. ಸ್ಟ್ರೌಡ್ ಉಳಿದರು, ಡ್ರಮ್ಸಿಗೆ ಹೋಗ್ಲನ್ ಬಂದರು. ಹೆರೆರಾ, ವೋಲ್ಬರ್ಸ್ ಹೊರಗೆ. ಅವರಿಬ್ಬರೂ ಸುಮ್ನೆ ಇರಲಿಲ್ಲ. ಬ್ಯಾಂಡಿನಲ್ಲಿ ತಮ್ಮ ಪಾಲು ಇನ್ನೂ ಇದೆ ಅಂದರು. ಫಿಯರ್ ಫ್ಯಾಕ್ಟರಿಗೆ ಅಂತ ಬರೆದಿಟ್ಟಿದ್ದ ಸಂಗೀತವನ್ನು ತೆಗೆದುಕೊಂಡು ಆರ್ಕೇಯ ಅನ್ನುವ ಹೊಸ ಬ್ಯಾಂಡಿನಲ್ಲಿ ಅದೇ ವರ್ಷ ಆಲ್ಬಂ ತಂದರು. ಆ ಹೆಸರು ಕೇಳಿದವರು ಎಷ್ಟು ಜನ ಹೇಳಿ? ಅದೇ ಸಂಗೀತಕ್ಕೆ ಫಿಯರ್ ಫ್ಯಾಕ್ಟರಿ ಅನ್ನುವ ಹಣೆಪಟ್ಟಿ ಇದ್ದಿದ್ದರೆ ಲೋಕವೆಲ್ಲ ಕೇಳುತ್ತಿತ್ತು. ಹೆಸರಿಗಾಗಿ ಇವರೆಲ್ಲ ಅಷ್ಟು ಬಡಿದಾಡಿದ್ದು ಅಹಂಕಾರಕ್ಕೆ ಮಾತ್ರ ಅಲ್ಲ. ಅನ್ನ ಇರುವುದು ಆ ಹೆಸರಿನಲ್ಲಿ.

ಜಗಳ ಕೋರ್ಟ್ ಮೆಟ್ಟಿಲು ಹತ್ತಿತು. ವರ್ಷಗಟ್ಟಲೆ ಎಳೆಯಿತು. 2020ರ ಹೊತ್ತಿಗೆ ಹೆಸರಿನ ಹಕ್ಕು ಡೀನೋ ಕೈ ಸೇರಿತ್ತು. ಅದೇ ಸೆಪ್ಟೆಂಬರಿನಲ್ಲಿ ಬರ್ಟನ್ ಹೊರನಡೆದರು. ಕೋರ್ಟ್ ಅಲೆದಾಟ ತಮ್ಮನ್ನು ಬಸಿದು ಹಾಕಿತು, ನಂಬಿಕೆ ಗೌರವ ಇಲ್ಲದವರ ಜೊತೆ ಇರಲಾರೆ ಎಂಬ ಅರ್ಥದಲ್ಲಿ ಹೇಳಿಕೆ ಕೊಟ್ಟರು.

ಇಲ್ಲಿ ನಿಮ್ಮ ಎರಡನೇ ಪ್ರಶ್ನೆ ಬರುತ್ತದೆ. ಆಗ ಒಂದು ಆಲ್ಬಂ ಅರ್ಧಕ್ಕೆ ನಿಂತಿತ್ತು. ಬರ್ಟನ್ ಅದಕ್ಕೆ 2017ರಲ್ಲೇ ಹಾಡಿ ಮುಗಿಸಿದ್ದರು. ಡೀನೋ ಅಭಿಮಾನಿಗಳ ಹತ್ತಿರ ಹಣ ಸಹಾಯ ಕೇಳಿದರು. ಯಾತಕ್ಕೆ ಗೊತ್ತಾ? ಮುಖ್ಯವಾಗಿ ಪ್ರೋಗ್ರಾಂ ಮಾಡಿದ್ದ ಡ್ರಮ್ಸ್ ತೆಗೆದು ನಿಜವಾದ ಡ್ರಮ್ಸ್ ಹಾಕಿಸಲು. ಹೆಲ್ಲರ್ ನುಡಿಸಿದರು. 2021ರ ಜೂನ್ 18ಕ್ಕೆ ಅಗ್ರೆಶನ್ ಕಂಟಿನ್ಯುಅಮ್ ಹೊರಬಂತು, ಬರ್ಟನ್ ಧ್ವನಿಯಲ್ಲೇ. ಅಳಿಸಲಿಲ್ಲ, ಬೇರೆಯವರಿಂದ ಹಾಡಿಸಲಿಲ್ಲ. ಬಿಟ್ಟುಹೋದ ಮನುಷ್ಯನ ಮೇಲೆ ಎಷ್ಟೇ ಸಿಟ್ಟಿದ್ದರೂ ಅವರು ಹಾಡಿದ್ದನ್ನು ಹಾಡಿದ ಹಾಗೆಯೇ ಬಿಟ್ಟರು. ನಿಮ್ಮ ಬೇಸ್ ಗೆಳೆಯ ಡೀನೋ ಅವರಿಂದ ಕಲಿಯಬೇಕಿದ್ದರೆ ಮೊದಲು ಇದನ್ನು ಕಲಿಯಲಿ.

2023ರಲ್ಲಿ ಇಟಲಿಯ ಮಿಲೋ ಸಿಲ್ವೆಸ್ಟ್ರೋ ಹೊಸ ಹಾಡುಗಾರನಾಗಿ ಬಂದರು. ಹಳೆ ಹಾಡುಗಳಲ್ಲಿ ಗುಡುಗುವ ಗಂಟಲು ಮತ್ತು ಚರಣ ಮುಗಿದು ಪಲ್ಲವಿಗೆ ಬರುವಾಗ ತೆರೆದುಕೊಳ್ಳುವ ಶುದ್ಧ ಸ್ವರ, ಎರಡನ್ನೂ ಒಬ್ಬರೇ ಮಾಡಬೇಕು. ಬರ್ಟನ್ 1992ರಲ್ಲೇ ಅದನ್ನು ಮಾಡಿ ತೋರಿಸಿದ್ದರು. ಆಮೇಲೆ ಬಂದ ಎಷ್ಟೋ ಬ್ಯಾಂಡ್‌ಗಳು ಅದನ್ನೇ ಅನುಸರಿಸಿದವು. ಮಿಲೋ ಅವರ ನೇರ ಕಾರ್ಯಕ್ರಮದ ವಿಡಿಯೋ ನೋಡಿದ್ದೇನೆ. ರೆಪ್ಲಿಕಾ ಹಾಡಿನ ಆ ಶುದ್ಧ ಸ್ವರದ ಭಾಗವನ್ನು ಸ್ವರ ಜಾರದೆ ಹಾಡುತ್ತಾರೆ. ನೇರ ಕಾರ್ಯಕ್ರಮದಲ್ಲಿ ಬರ್ಟನ್ ಅವರಿಗೆ ಕಷ್ಟವಾಗುತ್ತಿದ್ದದ್ದೂ ಅದೇ ಭಾಗ. ಇದನ್ನು ಬರ್ಟನ್ ಅವರನ್ನು ಕಡಿಮೆ ಮಾಡಲು ಹೇಳುತ್ತಿಲ್ಲ. ಆ ಪದ, ಆ ಕಥೆ, ಆ ಸ್ವರದ ಕಲ್ಪನೆ ಎಲ್ಲ ಅವರದ್ದು. ಹಾಡುವುದನ್ನು ಇನ್ನೊಬ್ಬರು ಕಲಿಯಬಹುದು. ಮೊದಲು ಹೊಳೆದವರು ಒಬ್ಬರೇ.

ಹಾಗಾಗಿ "ಬರೀ ಹೆಸರಿಗೆ ಉಳಿದಿದೆ" ಅನ್ನುವುದನ್ನು ನಾನು ಒಪ್ಪುವುದಿಲ್ಲ. ಸದ್ದಿನ ಬೆನ್ನೆಲುಬು ಅಲ್ಲಿದೆ. ಆದರೆ "ಏನೂ ಬದಲಾಗಿಲ್ಲ" ಅನ್ನುವವರನ್ನೂ ಒಪ್ಪುವುದಿಲ್ಲ. ಮುಂದಿನ ಹೊಸ ಹಾಡುಗಳ ಪದ ಯಾರಿಂದ, ಯಾವ ನೋವಿನಿಂದ ಬರುತ್ತದೆ ಅನ್ನುವುದರ ಮೇಲೆ ಬ್ಯಾಂಡ್ ಎಷ್ಟು ಬದಲಾಗುತ್ತದೆ ಅನ್ನುವುದು ನಿಂತಿದೆ.

ಬ್ಯಾಂಡ್‌ಗಳು ಒಡೆಯಲು ನಿಜವಾದ ಕಾರಣ ಏನು? ಸಂಗೀತದ ಭಿನ್ನಾಭಿಪ್ರಾಯ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ಅನುಭವದಲ್ಲಿ ಅದು ಕೊನೆಯ ಕಾರಣ. ಮೊದಲ ಕಾರಣ ಸಮ ಪಾಲು ಅನ್ನುವ ಬಾಯಿಮಾತು. ನಾಲ್ಕು ಜನ ಇಪ್ಪತ್ತರ ವಯಸ್ಸಿನಲ್ಲಿ ಸೇರುತ್ತಾರೆ. ಎಲ್ಲ ಸಮ ಅನ್ನುತ್ತಾರೆ. ಹಾಡು ಕಟ್ಟುವವರು ಒಬ್ಬಿಬ್ಬರು, ಫೋನ್ ಮಾಡಿ ಗಿಗ್ (ಕಾರ್ಯಕ್ರಮ) ಹಿಡಿಯುವವನು ಇನ್ನೊಬ್ಬ, ವ್ಯಾನಿಗೆ ದುಡ್ಡು ಹಾಕುವವನು ಮತ್ತೊಬ್ಬ. ಹೊರಗೆ ಹೋದವನ ಪಾಲು ಏನಾಗುತ್ತದೆ ಅಂತ ಯಾರೂ ಮಾತಾಡಿರುವುದಿಲ್ಲ. ಮದುವೆ ಮನೆಯಲ್ಲಿ ಅಪಶಕುನ ಯಾಕೆ ಅಂತ.

ಕೆಲವು ವರ್ಷದ ಹಿಂದೆ ನನ್ನ ಸ್ಟುಡಿಯೋದಲ್ಲಿ ಒಂದು ಬ್ಯಾಂಡ್ ರೆಕಾರ್ಡಿಂಗ್ ಮುಗಿಸಿತು. ಮಿಕ್ಸ್ ಹೊತ್ತಿಗೆ ಎರಡು ಗುಂಪಾಯಿತು. ಎರಡೂ ಗುಂಪಿನವರು ಬೇರೆ ಬೇರೆ ದಿನ ಬಂದು ಅದೇ ಹಾರ್ಡ್ ಡಿಸ್ಕ್ ಕೇಳಿದರು. ಯಾರ ಹೆಸರಿನಲ್ಲಿ ಬಿಲ್ ಮಾಡಲಿ ಅಂದೆ. ಇಬ್ಬರೂ ಸುಮ್ಮನಾದರು. ಆ ಡಿಸ್ಕ್ ಇವತ್ತಿಗೂ ನನ್ನ ಬೀರುವಿನಲ್ಲಿದೆ. ಅದರೊಳಗೆ ಒಂದು ಹಾಡಿದೆ, ಅಂಥ ಹಾಡು ನಾನು ಹತ್ತು ವರ್ಷಕ್ಕೆ ಒಮ್ಮೆ ರೆಕಾರ್ಡ್ ಮಾಡುತ್ತೇನೆ. ಅದನ್ನು ಯಾರೂ ಕೇಳಿಲ್ಲ. ನಿಮ್ಮ ಪತ್ರ ಓದುವಾಗ ಅದೇ ನೆನಪಾಯಿತು.

ಈಗ ನಿಮ್ಮ ಮುಂದಿರುವ ದಾರಿಗಳು. ಕಾನೂನಿನ ಮಾತನ್ನು ವಕೀಲರ ಹತ್ತಿರ ಖಚಿತ ಮಾಡಿಕೊಳ್ಳಿ. ನಾನು ಹೇಳುವುದು ಕಸುಬಿನಲ್ಲಿ ಕಂಡಿದ್ದು.

ಹೆಸರು ಇಟ್ಟುಕೊಂಡು ಮುಂದೆ ಹೋಗುವುದು ಒಂದು. ನಮ್ಮಲ್ಲಿ ಬ್ಯಾಂಡಿನ ಹೆಸರನ್ನು ಟ್ರೇಡ್‌ಮಾರ್ಕ್ ಆಗಿ ಮನರಂಜನೆಯ ವರ್ಗ 41ರಲ್ಲಿ ನೋಂದಾಯಿಸಬಹುದು. ವ್ಯಕ್ತಿ ಆನ್‌ಲೈನಿನಲ್ಲಿ ಅರ್ಜಿ ಹಾಕಿದರೆ ಸರ್ಕಾರಿ ಶುಲ್ಕ 4,500 ರೂಪಾಯಿ. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ದುಡ್ಡು ಜಾಸ್ತಿ ಅಲ್ಲ. ಅಪಾಯ ಬೇರೆ ಕಡೆ ಇದೆ. ನೀವಿಬ್ಬರೇ ಗುಟ್ಟಾಗಿ ಅರ್ಜಿ ಹಾಕಿದರೆ, ಅದು ಟ್ರೇಡ್‌ಮಾರ್ಕ್ ಜರ್ನಲ್ಲಿನಲ್ಲಿ ಪ್ರಕಟವಾದ ಮೇಲೆ 4 ತಿಂಗಳೊಳಗೆ ಯಾರು ಬೇಕಾದರೂ ತಕರಾರು ಸಲ್ಲಿಸಬಹುದು. ಆರು ವರ್ಷ ಅದೇ ಹೆಸರಲ್ಲಿ ವೇದಿಕೆ ಹತ್ತಿದ ಇಬ್ಬರಿಗೆ ತಕರಾರು ಮಾಡಲು ಒಳ್ಳೆಯ ಕಾರಣವೇ ಇದೆ. ಅರ್ಜಿಗಿಂತ ಮೊದಲು ಅವರಿಬ್ಬರ ಸಹಿ ಇರುವ ಒಂದು ಹಾಳೆ ಬೇಕು. ಹೆಸರು ಯಾರಿಗೆ, ಬದಲಿಗೆ ಅವರಿಗೆ ಏನು, ಹಳೆ ಹಾಡಿನ ಆದಾಯದಲ್ಲಿ ಪಾಲು ಎಷ್ಟು ಅಂತ. ಇನ್ನೊಂದು ಅಪಾಯ ಕೇಳುಗರದ್ದು. ಫಿಯರ್ ಫ್ಯಾಕ್ಟರಿಗೆ 30 ವರ್ಷದ ಹಾಡುಗಳ ಆಸರೆ ಇತ್ತು. ನಿಮ್ಮನ್ನು ಜನ ಗುರುತಿಸುವುದೇ ಆ ಹಾಡುಗಾರನ ಧ್ವನಿಯಿಂದ ಆಗಿದ್ದರೆ ಹೆಸರು ಉಳಿದರೂ ಜನ ಉಳಿಯದೆ ಇರಬಹುದು.

ಹೊಸ ಹೆಸರು ಇಡುವುದು ಎರಡನೇ ದಾರಿ. ಆರ್ಕೇಯ ಕಥೆ ಹೇಳಿದೆನಲ್ಲ, ಅಪಾಯ ಅದೇ. ಶೂನ್ಯದಿಂದ ಶುರು. ಆದರೆ ನಿಮ್ಮ ಮಟ್ಟಿಗೆ ಅದು ಅಷ್ಟು ದೊಡ್ಡ ನಷ್ಟ ಅಲ್ಲ. ಇನ್ನೂ ಆಲ್ಬಂ ಬಂದಿಲ್ಲ. ಹೆಸರಿಗೆ ಇರುವ ಬೆಲೆ ಜ್ಯಾಮ್ ರೂಮಿನ (ಅಭ್ಯಾಸದ ಕೋಣೆ) ಗೆಳೆಯರ ನಡುವೆ, ಒಂದಿಷ್ಟು ಗಿಗ್‌ಗಳಲ್ಲಿ. ಕೋರ್ಟಿಗೆ ಹೋಗಿ ಉಳಿಸಿಕೊಳ್ಳುವಷ್ಟು ಅದು ಇನ್ನೂ ಬೆಳೆದಿಲ್ಲ. ಬೇಜಾರಾಗಬೇಡಿ, ಇದನ್ನು ನೇರವಾಗಿ ಹೇಳುವುದೇ ಒಳ್ಳೆಯದು.

ಬೇರೆ ಬ್ಯಾಂಡ್‌ಗಳು ಬೇರೆ ದಾರಿ ಹಿಡಿದಿವೆ. ಮಿನಿಸ್ಟ್ರಿ 1981ರಿಂದಲೂ ಆಲ್ ಜೋರ್ಗೆನ್ಸನ್ ಒಬ್ಬರ ಬ್ಯಾಂಡ್. ಬೇಸ್ ವಾದಕ ಪಾಲ್ ಬಾರ್ಕರ್ 1986ರಿಂದ 2003ರವರೆಗೆ ಜೊತೆಗಿದ್ದು ಹೋದರೂ ಹೆಸರು ಯಾರದ್ದು ಅನ್ನುವ ಗೊಂದಲ ಕೇಳುಗರಿಗೆ ಬರಲಿಲ್ಲ. ಸ್ಟ್ಯಾಟಿಕ್-ಎಕ್ಸ್ ಬ್ಯಾಂಡಿನ ಕಥೆ ನನ್ನ ಮನಸ್ಸಿಗೆ ಜಾಸ್ತಿ ತಟ್ಟಿದ್ದು. ಹಾಡುಗಾರ ವೇಯ್ನ್ ಸ್ಟ್ಯಾಟಿಕ್ 2014ರ ನವೆಂಬರಿನಲ್ಲಿ ತೀರಿಕೊಂಡರು. ಹಳೆ ಸದಸ್ಯರು ವರ್ಷಗಳ ನಂತರ ಸೇರಿ, ಅವರು ಬಿಟ್ಟುಹೋದ ಗಾಯನದ ತುಣುಕುಗಳನ್ನು ಇಟ್ಟುಕೊಂಡು 2020ರಲ್ಲಿ ಆಲ್ಬಂ ತಂದರು. ವೇದಿಕೆಯಲ್ಲಿ ಹಾಡಿದವರು ಮುಖವಾಡ ಹಾಕಿಕೊಂಡು ನಿಂತರು. ವೇಯ್ನ್ ಜಾಗಕ್ಕೆ ತಮ್ಮ ಮುಖ ತಂದು ನಿಲ್ಲಿಸಲಿಲ್ಲ. ಅದರ ಬೇಸ್ ವಾದಕ ಟೋನಿ ಕ್ಯಾಂಪೋಸ್ 2015ರಿಂದ ಫಿಯರ್ ಫ್ಯಾಕ್ಟರಿಯಲ್ಲೂ ನುಡಿಸಿದವರು. ಎರಡೂ ಮನೆಯ ಬೆಂಕಿ ಕಂಡವರು.

ಮೂರನೆಯದು, ನನಗೆ ಸರಿ ಅನ್ನಿಸುವುದು: ಆಲ್ಬಂ ಮತ್ತು ಬ್ಯಾಂಡನ್ನು ಬೇರೆ ಬೇರೆ ಮಾಡಿ ನೋಡಿ. ಬ್ಯಾಂಡ್ ಮುಂದೆ ಏನಾಗುತ್ತದೋ ಆಗಲಿ. ಆ ಏಳು ಹಾಡು ನಾಲ್ಕು ಜನರದ್ದು, ನಾಲ್ಕು ಜನರ ಹೆಸರಲ್ಲೇ ಹೊರಬರಲಿ. ಇದಕ್ಕೆ ಒಪ್ಪಿಗೆ ಬೇಕು. ಪದ ಬರೆದಿದ್ದು ಹಾಡುಗಾರ ಆಗಿದ್ದರೆ ಪದದ ಹಕ್ಕು ಅವನದ್ದು. ರಾಗ ಕಟ್ಟಿದ್ದು ನೀವಾಗಿದ್ದರೆ ಅದು ನಿಮ್ಮದು. ರೆಕಾರ್ಡಿಂಗಿನ ಹಕ್ಕು ಸಾಮಾನ್ಯವಾಗಿ ಅದನ್ನು ಮಾಡಿಸಿದವರದ್ದು, ಅಂದರೆ ಮುಂದೆ ನಿಂತು ಖರ್ಚು ಹೊತ್ತವರದ್ದು. ಹಾಡಿದವರಿಗೆ, ನುಡಿಸಿದವರಿಗೆ ಕಲಾವಿದರಾಗಿ ಬೇರೆ ಹಕ್ಕಿದೆ. ಹೀಗೆ ಒಂದೇ ಹಾಡಿನ ಮೇಲೆ ನಾಲ್ಕು ಕೈ ಇರುತ್ತದೆ. "ನಾನೇ ದುಡ್ಡು ಕೊಟ್ಟೆ, ಹಾಗಾಗಿ ಎಲ್ಲ ನಂದು" ಅಂತ ಹೊರಟರೆ ಅವನ ಒಂದು ದೂರಿಗೆ ಹಾಡು ಎಲ್ಲ ಆ್ಯಪ್‌ಗಳಿಂದ ಇಳಿದುಹೋಗಬಹುದು. ಹಾಡು ಬಿಟ್ಟ ವಾರವೇ ಹಾಗಾಗಿದ್ದನ್ನು ನೋಡಿದ್ದೇನೆ. ಅವನು ಒಪ್ಪದೇ ಇರಬಹುದು ಅನ್ನುವುದು ಈ ದಾರಿಯ ಅಪಾಯ. ಆಗ ಪದ ಬದಲಿಸಿ, ಬೇರೆಯವರಿಂದ ಹಾಡಿಸಿ, ನಿಮ್ಮ ಸಂಗೀತವನ್ನು ಉಳಿಸಿಕೊಳ್ಳಬೇಕಾಗುತ್ತದೆ. ಫಿಯರ್ ಫ್ಯಾಕ್ಟರಿ 1992ರಲ್ಲಿ ಹಳೆ ಹಾಡನ್ನೇ ಮತ್ತೆ ರೆಕಾರ್ಡ್ ಮಾಡಿ ಗೆದ್ದಿದ್ದು ನೆನಪಿದೆಯಲ್ಲ.

ಡ್ರಮ್ಸಿಗೆ ಪ್ರೋಗ್ರಾಂ ಹಾಕಬಹುದೇ ಅಂದರೆ, ಹಾಕಿ. ಡೆಮೋಗೆ ಧಾರಾಳವಾಗಿ ಹಾಕಿ. ಆಲ್ಬಂಗೆ ಬಂದಾಗ ಡೀನೋ ಏನು ಮಾಡಿದರು ನೋಡಿ. ಹಣ ಕೇಳಿಯಾದರೂ ಮನುಷ್ಯನನ್ನು ಕೂರಿಸಿದರು. ನಿಮ್ಮ ಡ್ರಮ್ಮರ್ ಎಷ್ಟು ಹಾಡು ನುಡಿಸಿ ಮುಗಿಸಿದ್ದಾನೆ ಅಂತ ನೀವು ಬರೆದಿಲ್ಲ. ಮುಗಿಸಿದ್ದರೆ ಅದನ್ನು ಮುಟ್ಟಬೇಡಿ, ಕಂಪ್ಯೂಟರಿನ ತಾಳದ ಗೆರೆಗೆ (ಗ್ರಿಡ್ಡಿಗೆ) ಎಳೆದು ಎಳೆದು ಅವನ ಕಾಲಿನ ಗುರುತನ್ನೂ ಅಳಿಸಬೇಡಿ.

ಈ ವಾರ ಮಾಡಬೇಕಾದ್ದು ಎರಡೇ ಕೆಲಸ. ಒಂಬತ್ತೂ ಹಾಡಿನ ಸೆಷನ್ ಫೈಲನ್ನು, ಬಿಡಿ ಬಿಡಿ ಟ್ರ್ಯಾಕ್ ಸಮೇತ, ಎರಡು ಡಿಸ್ಕಿಗೆ ನಕಲು ಮಾಡಿ. ಒಂದು ನಿಮ್ಮ ಹತ್ತಿರ ಇರಲಿ, ಇನ್ನೊಂದು ಹಾಡುಗಾರನ ಕೈಗೆ ಕೊಡಿ. ಕೊಡಲು ನೀವೇ ಹೋಗಿ, ಬೇಸ್ ಗೆಳೆಯನನ್ನು ಕಳಿಸಬೇಡಿ. ಹೆಸರಿನ ಮಾತು ಆ ದಿನ ಎತ್ತಬೇಡಿ. ಅವನಿಗೆ ತುಂಬ ಇಷ್ಟವಾದ ಹಾಡು ಯಾವುದು ಅಂತ ನಿಮಗೆ ಗೊತ್ತಿರುತ್ತದೆ. ಅದರ ಮಿಕ್ಸ್ ನಾನು ಮಾಡಿಕೊಡುತ್ತೇನೆ, ದುಡ್ಡು ಬೇಡ. ಡಿಸ್ಕ್ ಜೊತೆ ಅದನ್ನೂ ತೆಗೆದುಕೊಂಡು ಹೋಗಿ, ಅವನಿಗೆ ಕೇಳಿಸಿ.